ಕ್ಯಾಮೆರಾ ಗೋಡೆಯತ್ತ ತಿರುಗಿದಾಗ

ಖಾಲಿ ಗೋದಾಮು. ಕುರ್ಚಿಗೆ ಬಿಗಿದು ಕಟ್ಟಿದ ಒಬ್ಬ ಪೊಲೀಸ್ ಪೇದೆ. ಎದುರಿಗೆ ಬಿಳಿ ಅಂಗಿ, ಕಪ್ಪು ಟೈ ತೊಟ್ಟ ದರೋಡೆಕೋರ. ರೇಡಿಯೋದಲ್ಲಿ ಎಪ್ಪತ್ತರ ದಶಕದ ಉಲ್ಲಾಸದ ಹಾಡೊಂದು ಬರುತ್ತಿದೆ. ದರೋಡೆಕೋರ ಅದರ ತಾಳಕ್ಕೆ ಹೆಜ್ಜೆ ಹಾಕುತ್ತಾ, ಕೈಯಲ್ಲಿ ಕ್ಷೌರದ ಕತ್ತಿ ಹಿಡಿದು ಪೇದೆಯ ಹತ್ತಿರ ಬರುತ್ತಾನೆ. ಅವನ ಕಿವಿ ಕೊಯ್ಯುತ್ತಾನೆ.

1992ರಲ್ಲಿ ತೆರೆ ಕಂಡ ‘ರಿಸರ್ವಾಯರ್ ಡಾಗ್ಸ್’ ಎಂಬ ಅಮೆರಿಕನ್ ಚಿತ್ರದ ದೃಶ್ಯವಿದು. ವಿಡಿಯೋ ಕ್ಯಾಸೆಟ್ ಅಂಗಡಿಯೊಂದರಲ್ಲಿ ಕೆಲಸ ಮಾಡಿಕೊಂಡಿದ್ದ ಕ್ವೆಂಟಿನ್ ಟ್ಯಾರಂಟಿನೊ ಅವರ ಮೊದಲ ಪ್ರಮುಖ ಚಿತ್ರ. ಸ್ನೇಹಿತರನ್ನು ಕೂಡಿಸಿಕೊಂಡು ಅತಿ ಕಡಿಮೆ ಖರ್ಚಿನಲ್ಲಿ ತೆಗೆಯಬೇಕೆಂದಿದ್ದ ಈ ಚಿತ್ರಕ್ಕೆ ಹೆಸರಾಂತ ನಟ ಹಾರ್ವೆ ಕೈಟೆಲ್ ಒಪ್ಪಿಕೊಂಡ ಮೇಲೆ ಹಣ ಕೂಡಿತು. ಆದರೂ ದೊಡ್ಡ ಸ್ಟುಡಿಯೋಗಳ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸೇ. ಆ ವರ್ಷದ ಜನವರಿಯಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ನಡೆಯಿತು. ಅಲ್ಲಿಂದ ಮುಂದೆ ಒಂದೊಂದು ಉತ್ಸವದಲ್ಲೂ ಕಿವಿಯ ದೃಶ್ಯ ಬಂದಾಗ ಕೆಲವರು ಎದ್ದು ಹೊರಗೆ ನಡೆದರು. ಎಷ್ಟು ಜನ ಹೋದರೆಂದು ತಾನು ಎಣಿಸುತ್ತಿದ್ದುದಾಗಿ ನಿರ್ದೇಶಕರೇ ಮುಂದೆ ಹೇಳಿಕೊಂಡರು. ಆ ದೃಶ್ಯವನ್ನು ಕತ್ತರಿಸಿದರೆ ಚಿತ್ರ ಹೆಚ್ಚು ಜನರನ್ನು ಮುಟ್ಟುತ್ತದೆ ಎಂಬ ವಿತರಕರ ಸಲಹೆಯನ್ನು ಅವರು ಒಪ್ಪಲಿಲ್ಲ.

ಇಲ್ಲೊಂದು ಸೋಜಿಗವಿದೆ. ಕತ್ತಿ ಕಿವಿಗೆ ತಾಗಿದ ಕೂಡಲೇ ಕ್ಯಾಮೆರಾ ಮೆಲ್ಲಗೆ ಪಕ್ಕಕ್ಕೆ ಸರಿದು ಖಾಲಿ ಗೋಡೆಯನ್ನು ನೋಡುತ್ತಾ ನಿಂತುಬಿಡುತ್ತದೆ. ಕಿವಿ ಕೊಯ್ಯುವುದು ತೆರೆಯ ಮೇಲೆ ಕಾಣುವುದೇ ಇಲ್ಲ; ಕೇಳಿಸುವುದು ನರಳಾಟ ಮಾತ್ರ. ಹಾಗಿದ್ದರೆ ಎದ್ದು ಹೋದವರು ಯಾವುದನ್ನು ನೋಡಲಾರದೆ ಹೋದರು?

ಆ ಕಾಲದ ಹಾಲಿವುಡ್ ಸಾಹಸ ಚಿತ್ರಗಳಲ್ಲಿ ಹೆಣಗಳಿಗೆ ಬರವಿರಲಿಲ್ಲ. ನಾಯಕ ಹತ್ತಾರು ಮಂದಿಯನ್ನು ಹೊಡೆದುರುಳಿಸಿದರೂ ಪ್ರೇಕ್ಷಕರು ನೆಮ್ಮದಿಯಿಂದ ಕುಳಿತಿರುತ್ತಿದ್ದರು. ಅಲ್ಲಿ ಸಾಯುವವನಿಗೆ ಹೆಸರಿಲ್ಲ, ನೋವಿಲ್ಲ. ಗುಂಡು ಬಿತ್ತು, ಸತ್ತ, ಮುಗಿಯಿತು. ‘ರಿಸರ್ವಾಯರ್ ಡಾಗ್ಸ್’ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ವಜ್ರದ ಅಂಗಡಿಯ ದರೋಡೆಯ ಸುತ್ತ ಹೆಣೆದ ಕಥೆಯಲ್ಲಿ ದರೋಡೆಯನ್ನೇ ತೋರಿಸಿಲ್ಲ. ಅದು ಕೆಟ್ಟ ಮೇಲಿನ ಪಾಡಷ್ಟೇ ಇದೆ. ಟಿಮ್ ರಾತ್ ನಟಿಸಿದ ಪಾತ್ರಕ್ಕೆ ಹೊಟ್ಟೆಗೆ ಗುಂಡು ಬಿದ್ದಿದೆ. ಅವನು ಬೇಗ ಸಾಯುವುದಿಲ್ಲ. ಗೋದಾಮಿನ ನೆಲದ ಮೇಲೆ ರಕ್ತದ ಮಡುವಿನಲ್ಲಿ ನರಳುತ್ತಾ ಬಿದ್ದಿರುತ್ತಾನೆ. ಒಂದು ಗುಂಡು ಮನುಷ್ಯನಿಗೆ ಏನು ಮಾಡುತ್ತದೆ ಎಂಬುದನ್ನು ಪ್ರೇಕ್ಷಕ ಬಹಳ ಹೊತ್ತು ನೋಡಬೇಕಾಗುತ್ತದೆ.

ಇನ್ನೊಂದು ಕಾರಣ ಆ ಹಾಡು. ಹಾಸ್ಯಕ್ಕೆ ಭಯಾನಕ ವಿರೋಧಿ ರಸವೆಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ. ಇಲ್ಲಿ ಆ ಎರಡನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಲಾಗಿದೆ. ಮೈಕೇಲ್ ಮ್ಯಾಡ್ಸನ್ ಅವರ ಆ ಕುಣಿತ ನೋಡಿ ನಗು ಬರುತ್ತದೆ. ಮರುಕ್ಷಣ ನಕ್ಕದ್ದಕ್ಕೆ ನಾಚಿಕೆಯಾಗುತ್ತದೆ. ಕಿವಿ ಕೊಯ್ದ ಮೇಲೆ ಅವನು ಪೆಟ್ರೋಲ್ ತರಲು ಹೊರಗೆ ಕಾರಿನ ಹತ್ತಿರ ಹೋಗುತ್ತಾನೆ. ಹಾಡು ನಿಲ್ಲುತ್ತದೆ. ಹೊರಗೆ ಬಿಸಿಲು, ಯಾವ ಹಗಲಿನಲ್ಲೂ ಇರುವಂಥ ಸಾಧಾರಣ ಬೀದಿ. ಒಳಗೆ ಬಂದೊಡನೆ ಮತ್ತೆ ಅದೇ ಹಾಡು. ಆ ಒಂದು ಗೋಡೆಯ ಈಚೆ ಹೀಗೂ ನಡೆಯಬಹುದೆಂಬ ತಿಳಿವು ರಕ್ತಕ್ಕಿಂತ ಹೆಚ್ಚು ಹೆದರಿಸುತ್ತದೆ.

ಸ್ಪೇನಿನ ಸಿಟ್ಜಸ್ ಚಿತ್ರೋತ್ಸವದಲ್ಲಿ ಎದ್ದುಹೋದವರಲ್ಲಿ ವೆಸ್ ಕ್ರೇವನ್ ಒಬ್ಬರು. ಭಯಾನಕ ಚಿತ್ರಗಳಿಗೇ ಹೆಸರಾದ ನಿರ್ದೇಶಕ ಅವರು. ಕೃತಕ ಗಾಯ, ರಾಕ್ಷಸ ಮುಖಗಳನ್ನು ರೂಪಿಸುವುದರಲ್ಲಿ ನಿಪುಣರಾದ ರಿಕ್ ಬೇಕರ್ ಕೂಡ ಹೊರನಡೆದರು. ತೆರೆಯ ಮೇಲಿನ ರಕ್ತ ಬಣ್ಣದ ನೀರೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಭೂತ ಪಿಶಾಚಿಗಳ ಕಥೆಗಿರುವ ‘ಇದು ಬರೀ ಕಥೆ’ ಎಂಬ ಅಭಯ ಇಲ್ಲಿರಲಿಲ್ಲ.

ವಿಮರ್ಶಕರಲ್ಲೂ ಒಮ್ಮತವಿರಲಿಲ್ಲ. ‘ನ್ಯೂಯಾರ್ಕ್ ಟೈಮ್ಸ್’ನ ವಿನ್ಸೆಂಟ್ ಕ್ಯಾನ್ಬಿ ಹೊಸ ನಿರ್ದೇಶಕನ ಕಸುಬುಗಾರಿಕೆಯನ್ನು ಮೆಚ್ಚಿ ಬರೆದರು. ಷಿಕಾಗೋದ ರೋಜರ್ ಈಬರ್ಟ್ ನಾಲ್ಕಕ್ಕೆ ಎರಡೂವರೆ ನಕ್ಷತ್ರವನ್ನಷ್ಟೇ ಕೊಟ್ಟರು. ಈತನಿಗೆ ಚಿತ್ರ ಮಾಡಲು ಬರುತ್ತದೆಂದು ಗೊತ್ತಾಯಿತು, ಇನ್ನು ಇದಕ್ಕಿಂತ ಒಳ್ಳೆಯದನ್ನು ಮಾಡಲಿ ಎಂಬುದು ಅವರ ಮಾತಿನ ಸಾರ. ಕೌಶಲವನ್ನು ಅಲ್ಲಗಳೆದವರು ಕಡಿಮೆ. ಆ ಕೌಶಲ ಯಾತಕ್ಕಾಗಿ ಎಂಬುದೇ ತಕರಾರು.

ಬ್ರಿಟನ್ನಿನಲ್ಲಿ ಈ ತಕರಾರು ಸಾರ್ವಜನಿಕ ಪ್ರಶ್ನೆಯಾಯಿತು. 1993ರ ಜನವರಿಯಲ್ಲಿ ಅಲ್ಲಿ ಚಿತ್ರ ಬಿಡುಗಡೆಯಾಗಿ ಒಳ್ಳೆಯ ಯಶಸ್ಸು ಕಂಡಿತು. ಮರುತಿಂಗಳೇ ಲಿವರ್‌ಪೂಲ್ ಬಳಿ ಎರಡು ವರ್ಷದ ಮಗುವನ್ನು ಹತ್ತು ವರ್ಷದ ಇಬ್ಬರು ಹುಡುಗರು ಕೊಂದರು. ಇಡೀ ದೇಶ ನಡುಗಿತು. ಹಿಂಸೆಯ ವಿಡಿಯೋಗಳೇ ಇದಕ್ಕೆ ಕಾರಣವೆಂಬ ಕೂಗೆದ್ದಿತು. ಈ ಚಿತ್ರಕ್ಕೂ ಆ ಕೊಲೆಗೂ ಯಾವ ನಂಟೂ ಇರಲಿಲ್ಲ. ಆದರೂ ಮನೆಯಲ್ಲಿ ನೋಡುವ ವಿಡಿಯೋಗೆ ಪ್ರಮಾಣಪತ್ರ ಸಿಕ್ಕಿದ್ದು 1995ರಲ್ಲಿ. ವಿಡಿಯೋದ ಹಾನಿಯನ್ನು ಮಂಡಳಿ ವಿಶೇಷವಾಗಿ ಪರಿಗಣಿಸಬೇಕೆಂದು 1994ರಲ್ಲಿ ಕಾನೂನೇ ಬಂದಿತ್ತು. ಕೊನೆಗೆ ಚಿತ್ರ ವಯಸ್ಕರಿಗೆ ಮಾತ್ರ ಎಂಬ ಮುದ್ರೆಯೊಂದಿಗೆ ಕತ್ತರಿಯಿಲ್ಲದೆ ಹೊರಬಂದಿತು. ತಡೆ ಹಾಕಿದ್ದರಿಂದ ಕುತೂಹಲ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಅಮೆರಿಕದ ಚಿತ್ರಮಂದಿರಗಳಲ್ಲಿ ಸುಮಾರು 28 ಲಕ್ಷ ಡಾಲರಿನಷ್ಟೇ ಗಳಿಸಿದ್ದ ಚಿತ್ರ, 1994ರಲ್ಲಿ ಟ್ಯಾರಂಟಿನೊ ಅವರ ‘ಪಲ್ಪ್ ಫಿಕ್ಷನ್’ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ಮೇಲೆ ಮನೆಮನೆಯ ವಿಡಿಯೋ ಆಯಿತು. ಕಪ್ಪು ಸೂಟು, ಕಪ್ಪು ಕನ್ನಡಕದ ಗುಂಪಿನ ಭಿತ್ತಿಚಿತ್ರ ವಿದ್ಯಾರ್ಥಿಗಳ ಕೋಣೆಗಳನ್ನು ಅಲಂಕರಿಸಿತು. ಅದೇ ಪೋಷಾಕು, ಅದೇ ಹರಟೆ, ಅದೇ ಪಿಸ್ತೂಲಿನ ಅನುಕರಣೆಗಳು ಸಾಲಾಗಿ ಬಂದವು. ಬಹುಪಾಲಿನವಕ್ಕೆ ನೆಲದ ಮೇಲೆ ನರಳುವವನ ನೆನಪಿರಲಿಲ್ಲ.

ವಿಮರ್ಶಕರ ಅಳುಕು ಪೊಳ್ಳಲ್ಲವೆಂದು ತೋರುವುದು ಇಲ್ಲಿ. ನೋವನ್ನು ನೋವೆಂದೇ ತೋರಿಸಿದ ಚಿತ್ರ, ಅಭಿಮಾನಿಗಳ ಬಾಯಲ್ಲಿ ಬರೀ ಠೀವಿಯ ಚಿತ್ರವಾಗಿ ಉಳಿಯಿತು. ಕಿವಿಯ ದೃಶ್ಯಕ್ಕಾಗಿಯೇ ಕಾದು ಕುಳಿತು, ಹಾಡು ಶುರುವಾದೊಡನೆ ತಾಳ ಹಾಕುವವರಿಗೆ ಆ ಪೇದೆ ಕಣ್ಣಿಗೆ ಬೀಳುವುದಿಲ್ಲ. ತನಗೆ ಪುಟ್ಟ ಮಗುವಿದೆ, ಸುಡಬೇಡ ಎಂದು ಅವನು ಅಂಗಲಾಚುವುದೂ ಅದೇ ದೃಶ್ಯದಲ್ಲಿದೆ. 1992ರಲ್ಲಿ ಎದ್ದು ಹೊರಗೆ ಹೋದವರನ್ನು ಅಳ್ಳೆದೆಯವರೆಂದು ನಕ್ಕವರಿದ್ದರು. ಆದರೆ ಅವರಿಗೆ ಆ ಪೇದೆ ಕಂಡಿದ್ದ. ಕ್ಯಾಮೆರಾ ಗೋಡೆಯತ್ತ ತಿರುಗಿದ ಮೇಲೂ ಕಾಣುತ್ತಲೇ ಇದ್ದ.