‘ಸೆಟ್’ಗೂ ಸೀಟಿಗೂ ನಡುವೆ

ಇಬ್ಬರು ಹುಡುಗರು ನನ್ನ ಕಾಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ಹೆಲ್ಮೆಟ್ಟಿನ ಸರಳುಗಳ ನಡುವಿಂದ ಉಸಿರು ಹಬೆಯಾಗಿ ಬರುತ್ತಿದೆ; ಮೇರಿಲ್ಯಾಂಡಿನಲ್ಲಿ ಮಾರ್ಚ್ ಎಂದರೆ ಇನ್ನೂ ಚಳಿಗಾಲವೇ. ಇಬ್ಬರ ಕೋಲುಗಳೂ ಮೈದಾನದ ನಡುಗೆರೆಯ ಉದ್ದಕ್ಕೆ, ಪಕ್ಕಪಕ್ಕ ನೆಲದ ಮೇಲೆ ಮಲಗಿವೆ. ಕೋಲುಗಳ ತುದಿಯಲ್ಲಿರುವ ಬಲೆಗಳು ಒಂದಕ್ಕೊಂದು ಬೆನ್ನು ತೋರಿಸಿಕೊಂಡಿವೆ, ಆ ಎರಡು ಬೆನ್ನುಗಳ ನಡುವೆ ಒಂದು ರಬ್ಬರ್ ಚೆಂಡು. ‘ಡೌನ್’ ಅಂದಾಗ ಕೂತವರು ಅವರು. ಇನ್ನು ನಾನು ‘ಸೆಟ್’ ಅನ್ನುತ್ತೇನೆ, ಹಿಂದಕ್ಕೆ ಸರಿಯುತ್ತೇನೆ, ಸೀಟಿ ಊದುತ್ತೇನೆ. ಆಮೇಲೆ ಚೆಂಡು ಅವರದು.

ಹನ್ನೊಂದು ವರ್ಷಗಳಿಂದ ಬಾಲ್ಟಿಮೋರ್ ಸುತ್ತಮುತ್ತ ಹೈಸ್ಕೂಲು ಹುಡುಗರ ಲ್ಯಾಕ್ರಾಸ್ ಪಂದ್ಯಗಳಿಗೆ ರೆಫರಿಯಾಗಿ ಹೋಗುತ್ತಿದ್ದೇನೆ. ಮೈಸೂರಿನಲ್ಲಿ ಬೆಳೆದ ನನಗೆ ಈ ಆಟದ ಹೆಸರೂ ಗೊತ್ತಿರಲಿಲ್ಲ. ಮಗ ಒಂಬತ್ತನೇ ವಯಸ್ಸಿಗೆ ಕೋಲು ಹಿಡಿದ, ಅವನನ್ನು ಕರೆದುಕೊಂಡು ಹೋಗಿ ಬಂದು ಮಾಡುತ್ತಾ ನಾನೂ ಮೈದಾನಕ್ಕಿಳಿದೆ. ಇಲ್ಲಿ ಲ್ಯಾಕ್ರಾಸ್ ಎಂದರೆ ನಮ್ಮೂರಿನ ಕ್ರಿಕೆಟ್ ಇದ್ದ ಹಾಗೆ. 2004ರಲ್ಲಿ ಮೇರಿಲ್ಯಾಂಡ್ ಇದನ್ನು ರಾಜ್ಯದ ಅಧಿಕೃತ ತಂಡದ ಆಟವೆಂದು ಘೋಷಿಸಿತು. ಆದರೆ ಆಟದ ನಿಜವಾದ ಮನೆ ಇನ್ನೂ ಉತ್ತರಕ್ಕಿದೆ. ಹೋಡೆನೊಶೋನಿ ಮೂಲನಿವಾಸಿಗಳು ಇದನ್ನು ಸೃಷ್ಟಿಕರ್ತ ಕೊಟ್ಟ ಆಟವೆಂದು ನಂಬುತ್ತಾರೆ. ಅವರಿಗಿದು ಪ್ರಾರ್ಥನೆ, ಔಷಧಿ ಕೂಡ. 1867ರಲ್ಲಿ ಮಾಂಟ್ರಿಯಲ್‌ನ ದಂತವೈದ್ಯ ಜಾರ್ಜ್ ಬಿಯರ್ಸ್ ಅದಕ್ಕೆ ನಿಯಮಗಳನ್ನು ಬರೆದ. ಆ ಮೇಲಿನ ಕಾಲದಲ್ಲಿ ನಿಯಮಗಳು ಬೇಕಾದಷ್ಟು ಬದಲಾಗಿವೆ. ನಾನು ಹೇಳುತ್ತಿರುವುದು ಅಮೆರಿಕದ ಹೈಸ್ಕೂಲು ಹುಡುಗರ ಆಟದ್ದು.

ಮೈದಾನ 110 ಗಜ ಉದ್ದ, 60 ಗಜ ಅಗಲ. ಒಂದೊಂದು ತಂಡದಲ್ಲಿ 10 ಜನ. ಚೆಂಡು ಕ್ರಿಕೆಟ್ ಚೆಂಡಿಗಿಂತ ತುಸು ಚಿಕ್ಕದು, ತುಸು ಹಗುರ. ಅದನ್ನು ಕೋಲಿನ ಬಲೆಯಲ್ಲಿ ಹಿಡಿದು, ಓಡಿ, ಎಸೆದು ಗೋಲು ಹೊಡೆಯಬೇಕು.

ಫುಟ್‌ಬಾಲ್‌ನಲ್ಲಿ ಗೋಲು ಬಿಟ್ಟುಕೊಟ್ಟ ತಂಡಕ್ಕೆ ಚೆಂಡು ಸಿಗುತ್ತದೆ. ಇಲ್ಲಿ ಆ ಸಮಾಧಾನವಿಲ್ಲ. ಪ್ರತಿ ಕ್ವಾರ್ಟರ್‌ನ ಆರಂಭದಲ್ಲಿ, ಒಂದೆರಡು ವಿನಾಯಿತಿ ಬಿಟ್ಟರೆ ಪ್ರತಿ ಗೋಲಿನ ನಂತರವೂ, ಚೆಂಡು ನಡುಮೈದಾನಕ್ಕೆ ಬರುತ್ತದೆ. ಇಬ್ಬರು ಅದಕ್ಕಾಗಿ ಸೆಣಸುತ್ತಾರೆ. ಇದೇ ಫೇಸ್‌ಆಫ್. ಇದನ್ನು ಗೆಲ್ಲುವ ಒಬ್ಬ ಹುಡುಗನಿದ್ದರೆ ಅವನ ತಂಡ ಗೋಲು ಹೊಡೆದು, ಮತ್ತೆ ಚೆಂಡು ಪಡೆದು, ಮತ್ತೆ ಹೊಡೆಯಬಹುದು. ಎದುರಾಳಿಯ ಕೋಲಿಗೆ ಚೆಂಡು ಸೋಕದೆಯೇ ಮೂರು ಗೋಲು ಆಗಿಹೋಗಬಹುದು. ಅದಕ್ಕೇ ಫೇಸ್‌ಆಫ್‌ಗೆಂದೇ ತಯಾರಾದ ಹುಡುಗರಿರುತ್ತಾರೆ. ಬಂದು, ಚೆಂಡು ಗೆದ್ದು, ಹೊರಗೆ ಓಡುವುದಷ್ಟೇ ಅವರ ಕೆಲಸ.

ಬಗ್ಗಿ ನಿಂತ ನಾನು ನೋಡುವುದು ಇಷ್ಟು: ಬಲೆ ಚೆಂಡಿಗೆ ತಾಗಿದೆಯೇ, ಕೋಲು ನಡುಗೆರೆಗೆ ಸಮಾನಾಂತರವಾಗಿದೆಯೇ, ಬೆರಳು ಬಲೆಯ ದಾರದ ಮೇಲೆ ಬಂದಿದೆಯೇ, ಭುಜ ಗೆರೆ ದಾಟಿ ವಾಲಿದೆಯೇ. ಎರಡೂ ಬದಿಯಲ್ಲಿ, ಅಂಚಿನ ಗೆರೆಯಿಂದ 10 ಗಜ ಒಳಗೆ, ತಂಡಕ್ಕೊಬ್ಬರಂತೆ ಹುಡುಗರು ಓಟಕ್ಕೆ ಸಿದ್ಧರಾಗಿರುತ್ತಾರೆ. ಉಳಿದವರು ತಮ್ಮ ಗೆರೆಗಳ ಹಿಂದೆಯೇ ಇರಬೇಕು. ಯಾರಾದರೂ ಚೆಂಡು ವಶಪಡಿಸಿಕೊಂಡ ಮೇಲೆ, ಇಲ್ಲವೇ ಚೆಂಡೇ ಆ ಗೆರೆ ದಾಟಿದ ಮೇಲೆ ಅವರಿಗೆ ಬಿಡುಗಡೆ. ಅವರನ್ನು ನನ್ನ ಜೊತೆಗಾರ ರೆಫರಿ ನೋಡಿಕೊಳ್ಳುತ್ತಾನೆ. ಅವನು ಕೈ ಎತ್ತಿ ಸಿದ್ಧ ಎಂದ ಮೇಲೆಯೇ ನಾನು ಬಗ್ಗುವುದು.

ಮೂರನೇ ವರ್ಷದ ಒಂದು ಪಂದ್ಯ ನನಗೆ ಮರೆಯಲಾಗದು. ಕೆಂಪು ಅಂಗಿಯ ಹುಡುಗನೊಬ್ಬ ಫೇಸ್‌ಆಫ್ ಮೇಲೆ ಫೇಸ್‌ಆಫ್ ಗೆಲ್ಲುತ್ತಿದ್ದ. ಸೀಟಿಗಿಂತ ಮೊದಲು ಅವನ ಕೋಲು ಅಲುಗುತ್ತಿರಲಿಲ್ಲ, ಹಿಡಿಯಲು ತಪ್ಪೇ ಇಲ್ಲ. ನೀಲಿ ಅಂಗಿಯವನು ಪ್ರತಿ ಸಲವೂ ತನ್ನ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ, ದಾರ ಬಿಗಿ ಮಾಡುತ್ತಿದ್ದ. ಅರ್ಧ ಆಟ ಮುಗಿದಾಗ ನನ್ನ ಜೊತೆಗಾರ ಹತ್ತಿರ ಬಂದ. ನನಗಿಂತ ಬಹಳ ಹಿರಿಯ. ನನ್ನ ಭುಜದ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿ, ಮೂರನೆಯದಕ್ಕೆ ಬಾಯಲ್ಲೇ ಸೀಟಿಯ ಸದ್ದು ಮಾಡಿದ.

“ಆ ಹುಡುಗ ನಿನ್ನ ಸೀಟಿಗೆ ಕಾಯ್ತಾನೇ ಇಲ್ಲ. ಎಣಿಸ್ತಾ ಇದ್ದಾನೆ.”

ಅಗ್ರಹಾರದ ಒಂದು ಮನೆಯ ಜಗಲಿಯಲ್ಲಿ ನಾನು ಏಳು ವರ್ಷ ಮೃದಂಗ ಕಲಿತಿದ್ದೆ. ‘ಸೆಟ್’ ಅಂದ ಮೇಲೆ ಎರಡು ಅಕ್ಷರಕಾಲ ಬಿಟ್ಟು, ಮೂರನೆಯದಕ್ಕೆ ಸರಿಯಾಗಿ ಊದುತ್ತಿದ್ದೆ. ಪ್ರತಿ ಸಲವೂ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಲಯ ಕಾಪಾಡುವುದನ್ನು ಅಷ್ಟು ಶ್ರದ್ಧೆಯಿಂದ ಮೈಗೂಡಿಸಿಕೊಂಡಿದ್ದೆ, ಮೈದಾನದಲ್ಲಿ ಅದೇ ಒಬ್ಬನಿಗೆ ಕೀಲಿಕೈ ಆಯಿತು. ಕೆಂಪು ಅಂಗಿಯವನು ಮೋಸ ಮಾಡಲಿಲ್ಲ. ಕಿವಿ ಚುರುಕಾಗಿತ್ತು, ಬಳಸಿಕೊಂಡ. ಆದರೆ ನಿಯಮದಂತೆ ಸೀಟಿಗೆ ಕಾದು ಕೂತ ಇನ್ನೊಬ್ಬನಿಗೆ ಅನ್ಯಾಯವಾಯಿತು, ಅದನ್ನು ಮಾಡಿದವನು ನಾನು. ಅವನು ತನ್ನ ಕೋಲಿನಲ್ಲಿ ದೋಷ ಹುಡುಕುತ್ತಿದ್ದುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆ ಬೇಸಿಗೆಯೆಲ್ಲ ಹಿತ್ತಲಲ್ಲಿ ಅಭ್ಯಾಸ. ಮಗ ಮತ್ತು ಅವನ ಗೆಳೆಯ ಕುಕ್ಕರಗಾಲಲ್ಲಿ, ನಾನು ಬಾಯಲ್ಲಿ ಸೀಟಿ ಹಿಡಿದು. “ಅಪ್ಪಾ, ಮತ್ತೆ ಅದೇ” ಎಂದು ಅವನು ಎಷ್ಟು ಸಲ ಹೇಳಿದನೋ. ಬಗ್ಗುವ ಮೊದಲೇ ಮನಸ್ಸಿನಲ್ಲಿ ಗೊತ್ತು ಮಾಡಿಕೊಳ್ಳಬೇಕು ಎನ್ನುವುದು ನಿಧಾನವಾಗಿ ತಿಳಿಯಿತು: ಈ ಸಲ ಗಿಡ್ಡ, ಮುಂದಿನದು ಉದ್ದ, ಆಮೇಲೆ ಮತ್ತೆ ಉದ್ದ. ದನಿ ಮಾತ್ರ ಒಂದೇ ತೂಕದಲ್ಲಿರಬೇಕು. ‘ಸೆಟ್’ ಎನ್ನುವಾಗ ಉಸಿರು ಎಳೆದರೆ ಅದನ್ನೂ ಕೇಳಿಸಿಕೊಳ್ಳುವ ಹುಡುಗರಿದ್ದಾರೆ. ತೀರ ತಡ ಮಾಡುವುದೂ ತಪ್ಪು. ತೊಡೆ ನಡುಗಿ ಯಾರೋ ಅಲುಗುತ್ತಾರೆ, ಇಲ್ಲದ ತಪ್ಪನ್ನು ನಾನೇ ಹುಟ್ಟಿಸಿದಂತಾಗುತ್ತದೆ.

ಸೀಟಿಗೆ ಮೊದಲು ಅಲುಗಿದರೆ ಚೆಂಡು ಎದುರಾಳಿಗೆ. ಅರ್ಧ ಆಟದಲ್ಲಿ ಒಂದು ತಂಡ ಮೂರನೇ ಸಲ ಫೇಸ್‌ಆಫ್ ತಪ್ಪು ಮಾಡಿದರೆ, ಅಲ್ಲಿಂದ ಮುಂದೆ ಪ್ರತಿ ತಪ್ಪಿಗೂ 30 ಸೆಕೆಂಡು ಒಬ್ಬ ಆಟಗಾರ ಕಡಿಮೆ. ಮೊದಲನೆಯ ತಪ್ಪನ್ನು ಕಂಡೂ ಬಿಟ್ಟ ರೆಫರಿಗೆ ಆ ಸಂಜೆ ನೆಮ್ಮದಿಯಿಲ್ಲ. ಸೀಟಿಯ ನಂತರ ಇನ್ನೂ ಕಷ್ಟ: ಕೃತಕ ಹುಲ್ಲಿನ ಕಪ್ಪು ರಬ್ಬರ್ ಹರಳು ಕಣ್ಣಿಗೆ ಎರಚುತ್ತದೆ, ಎರಡು ಬೆನ್ನುಗಳ ನಡುವೆ ಚೆಂಡು ಕಾಣದಾಗುತ್ತದೆ. ಬಲೆಯ ಬೆನ್ನಿನಿಂದ ಚೆಂಡನ್ನು ಅದುಮಬಹುದು, ಆದರೆ ಅದುಮಿಕೊಂಡೇ ಇರುವಂತಿಲ್ಲ, ಕೂಡಲೇ ಸರಿಸಬೇಕು. ಕೈಯಲ್ಲಿ ಮುಟ್ಟುವಂತಿಲ್ಲ, ಎದುರಾಳಿಯ ಕೋಲು ಹಿಡಿಯುವಂತಿಲ್ಲ, ಚೆಂಡಿನ ಮೇಲೆ ಮಲಗುವಂತಿಲ್ಲ.

ಚೆಂಡು ಹೊರಹೋದಾಗ, ತಪ್ಪಿಗೆ ಆಟ ನಿಂತಾಗ ಮತ್ತೆ ಶುರು ಮಾಡಿಸುವುದು ಬೇರೆಯೇ ಬಗೆಯ ಕೆಲಸ. ಅಲ್ಲಿ ಬೇಗ ಊದಬೇಕು. ತಪ್ಪು ಮಾಡಿದ ತಂಡ ಸಾವರಿಸಿಕೊಂಡು ನಿಲ್ಲುವವರೆಗೆ ನಾನು ಕಾದರೆ, ತಪ್ಪಿನ ಲಾಭ ಅವರಿಗೇ ಹೋಗುತ್ತದೆ. ಎದುರಾಳಿ 5 ಗಜ ದೂರವಿರಬೇಕು; ಇಲ್ಲದಿದ್ದರೂ ಸೀಟಿ ಊದಬಹುದು, ಅವನು ಅಷ್ಟು ದೂರ ಸರಿಯುವ ಮುನ್ನ ಅಡ್ಡ ಬಂದರೆ ಅದೇ ತಪ್ಪು. ಹೊರಹೋದ ಚೆಂಡು ಸಾಮಾನ್ಯವಾಗಿ ಕೊನೆಗೆ ಮುಟ್ಟಿದವರ ಎದುರಾಳಿಗೆ ಸೇರುತ್ತದೆ. ಗೋಲಿಗೆ ಹೊಡೆದ ಚೆಂಡು ಗುರಿ ತಪ್ಪಿ ಹೊರಹೋದರೆ ಮಾತ್ರ, ಅದು ಗೆರೆ ದಾಟಿದಾಗ ಯಾರು ಅತಿ ಹತ್ತಿರವಿದ್ದರೋ ಅವರದು. ಹೊಡೆದ ತಂಡದವರೇ ಚೆಂಡಿನ ಹಿಂದೆ ಪ್ರಾಣ ಬಿಟ್ಟು ಓಡುವುದನ್ನು ಕಂಡು ಹೊಸಬರು ಬೆರಗಾಗುತ್ತಾರೆ. ನಾನೂ ಓಡುತ್ತೇನೆ. ದೂರದಿಂದ ನೋಡಿ ಇದನ್ನು ಹೇಳಲಾಗದು.

2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಸೇರಿದ ಒಲಿಂಪಿಕ್ ಸಮಿತಿ 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಕ್ರಿಕೆಟ್ ಸೇರಿಸಿತು. ಅಣ್ಣ ಮೈಸೂರಿನಿಂದ ಫೋನ್ ಮಾಡಿ ಸಂಭ್ರಮಪಟ್ಟ. ಅದೇ ಪಟ್ಟಿಯಲ್ಲಿ ಲ್ಯಾಕ್ರಾಸ್ ಕೂಡ ಇದೆ ಎಂದು ನಾನು ಹೇಳಬೇಕಾಯಿತು. 1904 ಮತ್ತು 1908ರ ಪದಕಗಳ ನಂತರ ಇದೀಗ ಮರಳುತ್ತಿದೆ. ಅಲ್ಲಿ ಆಡುವುದು ಆರು ಜನರ ಚುಟುಕು ಆಟ; ಫೇಸ್‌ಆಫ್ ಕ್ವಾರ್ಟರ್ ಶುರುವಿನಲ್ಲಿ ಮಾತ್ರ, ಗೋಲಿನ ನಂತರ ಗೋಲ್‌ಕೀಪರನೇ ಚೆಂಡು ಎತ್ತಿಕೊಂಡು ಆಟ ಮುಂದುವರಿಸುತ್ತಾನೆ. ವೇಗ ಹೆಚ್ಚುತ್ತದೆ, ನಿಜ. ನನಗೆ ಮಾತ್ರ ಬೇಸರವೇ.

ಮಗನಿಗೀಗ ಇಪ್ಪತ್ತು. ಹೋದ ವರ್ಷ ಅವನೂ ರೆಫರಿ ತರಬೇತಿ ಮುಗಿಸಿದ, ಭಾನುವಾರ ಬೆಳಿಗ್ಗೆ ಚಿಕ್ಕ ಹುಡುಗರ ಪಂದ್ಯಗಳಿಗೆ ಹೋಗುತ್ತಾನೆ. ಕಳೆದ ವಾರ ನಾನು ಬೆಂಚಿನ ಮೇಲೆ ಕೂತು ನೋಡುತ್ತಿದ್ದೆ. ಅವನು ‘ಸೆಟ್’ ಅಂದಾಗಲೆಲ್ಲ ನನ್ನ ಬೆರಳು ತೊಡೆಯ ಮೇಲೆ ತಾಳ ಹಾಕಲು ಶುರು ಮಾಡಿತು. ಏಳು ಫೇಸ್‌ಆಫ್ ಆದವು. ಒಂದು ಸಲವೂ ಅವನ ಸೀಟಿ ನನ್ನ ಎಣಿಕೆಗೆ ಸಿಗಲಿಲ್ಲ.