ನಿಮಗಿದು ಗೊತ್ತೆ? ಕೊನೆಯ ಸಾಲೇ ಮೊದಲು!

ಅರ್ಜಿಯೊಂದನ್ನು ಸ್ಕ್ಯಾನ್ ಮಾಡಿ ಬಿಎಂಪಿ, ಅಂದರೆ ಬಿಟ್‌ಮ್ಯಾಪ್ ಫೈಲಾಗಿ ಉಳಿಸಿದಿರಿ ಎನ್ನಿ. ಆ ಫೈಲಿನೊಳಗೆ ಸಾಮಾನ್ಯವಾಗಿ ಪುಟ ತಲೆಕೆಳಗಾಗಿ ಕೂತಿರುತ್ತದೆ! ಅಡಿಯಲ್ಲಿ ಹಾಕಿದ ಸಹಿ ಮೊದಲು, ‘ಮಾನ್ಯರೇ’ ಕೊನೆಗೆ. ಬಣ್ಣಗಳದ್ದೂ ಉಲ್ಟಾ ಲೆಕ್ಕವೇ: ಪ್ರತಿ ಚುಕ್ಕಿಗೂ ಮೊದಲು ನೀಲಿ, ಆಮೇಲೆ ಹಸಿರು, ಕಡೆಗೆ ಕೆಂಪು. ಓದುವ ತಂತ್ರಾಂಶ ಇದನ್ನೆಲ್ಲ ನೆಟ್ಟಗೆ ಮಾಡಿ ತೋರಿಸುವುದರಿಂದ ನಮಗೆ ಗೊತ್ತಾಗುವುದಿಲ್ಲ ಅಷ್ಟೆ.

ಫೈಲಿನ ಮೊದಲ ಎರಡು ಬೈಟ್‌ಗಳು 66 ಮತ್ತು 77. ಇಂಗ್ಲಿಷಿನ ‘ಬಿ’, ‘ಎಂ’ ಅಕ್ಷರಗಳ ಸಂಕೇತ ಇವು. ಹೆಸರಿನ ಬಾಲ ಬದಲಿಸಿ ಜೆಪೆಗ್ ಎಂದು ಬರೆದರೂ ಒಳಗಿನ ಈ ಗುರುತು ಅಳಿಯದು. ಬಣ್ಣದ ಚಿತ್ರದಲ್ಲಿ ಸಾಮಾನ್ಯವಾಗಿ ಮೊದಲ 54 ಬೈಟ್‌ಗಳಲ್ಲಿ ಅಗಲ, ಎತ್ತರದಂಥ ವಿವರಗಳಿರುತ್ತವೆ. ಸ್ಕ್ಯಾನರಿನ ‘ಇಂಚಿಗೆ 300 ಚುಕ್ಕಿ’ ಇಲ್ಲಿ ‘ಮೀಟರಿಗೆ 11,811’ ಎಂದು ದಾಖಲಾಗುತ್ತದೆ.

ಈ ದರದಲ್ಲಿ ಒಂದು ಎ4 ಪುಟಕ್ಕೆ ಅಡ್ಡಡ್ಡ 2,480, ಉದ್ದುದ್ದ 3,508 ಚುಕ್ಕಿ. ಚುಕ್ಕಿಗೆ ಮೂರು ಬೈಟ್‌ನಂತೆ ಒಟ್ಟು ಸುಮಾರು 2.6 ಕೋಟಿ ಬೈಟ್! ಖಾಲಿ ಹಾಳೆಯಾದರೂ ಅಷ್ಟೇ ಭಾರ. ಬರೀ ಕಪ್ಪು–ಬಿಳುಪಿನಲ್ಲಿ ಉಳಿಸಿದರೆ ಎಂಟು ಚುಕ್ಕಿಗೆ ಒಂದೇ ಬೈಟ್ ಸಾಕು. ಆಗ ಪ್ರತಿ ಸಾಲಿಗೆ 310 ಬೈಟ್ ಬೇಕು. ಆದರೆ ಸಾಲಿನ ಉದ್ದ ನಾಲ್ಕರಿಂದ ಭಾಗವಾಗಲೇಬೇಕೆಂಬ ನಿಯಮಕ್ಕಾಗಿ ಎರಡು ಖಾಲಿ ಬೈಟ್ ಸೇರಿಸಿ 312 ಮಾಡುತ್ತಾರೆ. ಇದನ್ನು ಮರೆತು ಓದಿದರೆ ಅಕ್ಷರಗಳೆಲ್ಲ ಓರೆಯಾಗಿ ಜಾರುತ್ತವೆ.

ಇಮೇಲ್‌ನಲ್ಲಿ ಕಳಿಸುವ ಮುನ್ನ ಪಿಎನ್‌ಜಿಗೆ ಬದಲಿಸಿಕೊಳ್ಳಿ. ಗಾತ್ರ ಇಳಿಯುತ್ತದೆ, ಒಂದು ಚುಕ್ಕಿಯೂ ಕಳೆದುಹೋಗುವುದಿಲ್ಲ.