ಕಡಲಿಲ್ಲದ ನಾಡಿನಲ್ಲಿ ಹಸಿಮೀನು

ಬೀದರಿನಿಂದ ಬಿದರಿ ಕೆಲಸದ ಹೂದಾನಿ ತಂದೆವೆಂದರೆ ಕರಾವಳಿಯ ನಮ್ಮ ಬಂಧುಗಳು ಮೆಚ್ಚುತ್ತಾರೆ. ಅಲ್ಲಿ ಹಸಿಮೀನು ಕೊಂಡೆವೆಂದರೆ ಮಾತ್ರ ನಗುತ್ತಾರೆ. ಕಳೆದ ವಿಜಯದಶಮಿ ಮುಗಿದೊಡನೆ ಸಂಸಾರಸಮೇತ ಭಾಲ್ಕಿಯ ಗೆಳೆಯರ ಮನೆಗೆ ಹೊರಟಾಗ ನನ್ನ ತಾಯಿಯವರೂ, “ಅಲ್ಲಿ ಕಡಲೆಲ್ಲಿದೆ ಮಗಾ?” ಎಂದು ಕೇಳಿದ್ದರು. ದೀರ್ಘ ಕಾಯಿಲೆಯಿಂದ ಎದ್ದಿದ್ದ ಅವರಿಗೆ ಯಾವ ಊಟವೂ ರುಚಿಸುತ್ತಿರಲಿಲ್ಲ. ಒಂದು ತುತ್ತು ಮೀನುಸಾರು ಸೇರೀತೆಂಬುದೊಂದೇ ನಮಗಿದ್ದ ಆಸೆ.

ದಾರಿಯಲ್ಲಿ ಬೀದರಿನ ಪೇಟೆಯಲ್ಲಿ ಮಂಜುಗಡ್ಡೆಯ ಮೇಲಿಟ್ಟ ಮಾಂಜಿ ಮೀನನ್ನು ಕಂಡು ನಾನು ಹಿಗ್ಗಿದೆ. ತಾಯಿಯವರು ಒಮ್ಮೆ ಮುಟ್ಟಿ ನೋಡಿ ಕೈ ಕೊಡವಿದರು. ಕಣ್ಣು ಗುಳಿಬಿದ್ದಿತ್ತು, ಕಿವಿರು ಕಂದಿತ್ತು, ಒತ್ತಿದ ಬೆರಳಿನ ಗುರುತು ಹಾಗೆಯೇ ಉಳಿದಿತ್ತು. “ಹೆಸರು ನಮ್ಮೂರಿನದು, ವಾಸನೆ ಲಾರಿಯದು” ಎಂದರು.

ಮರುದಿನ ಬೆಳಗ್ಗೆ ಗೆಳೆಯರು ನಮ್ಮನ್ನು ಭಾಲ್ಕಿಯ ಸಂತೆಗೆ ಕರೆದೊಯ್ದರು. ಒಬ್ಬಾಕೆಯ ಬುಟ್ಟಿಯಲ್ಲಿ ರೋಹು, ಕಾಟ್ಲಾ ಮೀನುಗಳಿದ್ದವು. ಪಕ್ಕದ ಬೋಗುಣಿಯಲ್ಲಿ ಕೊರವ ಮೀನು ಜೀವಂತವಾಗಿ ಮಿಸುಕುತ್ತಿತ್ತು. ಗಾಳಿಯನ್ನೇ ಉಸಿರಾಡಬಲ್ಲ ಜಾತಿಯಾದ್ದರಿಂದ ಅದನ್ನು ಸಂತೆಯವರೆಗೂ ಜೀವಸಹಿತ ತರಬಹುದು. ನಾನು ದೊಡ್ಡದೊಂದು ರೋಹುವಿಗೆ ಕೈಚಾಚಿದೆ. “ಅಕ್ಕಾ, ನಮ್ಮ ಅಮ್ಮನವರು ಕಾಯಿಲೆಯಿಂದ ಎದ್ದವರು, ಒಳ್ಳೆಯದನ್ನೇ ಕೊಡಿ” ಎಂದೆ. ಆಕೆ ನನ್ನ ಕೈಯನ್ನು ತಡೆದಳು.

“ಅದು ನಿನ್ನೀದ್ ಅದರಿ. ಬ್ಯಾನಿ ಬಿದ್ದು ಎದ್ದವರಿಗಿ ಬ್ಯಾಡ್ರಿ. ಈ ಸಣ್ಣ ಕಾಟ್ಲಾ ಒಯ್ರಿ, ನಸುಕಿನ್ಯಾಗ ಕಾರಂಜಾದಾಗ ಬಲಿಗಿ ಬಿದ್ದದ್ದು.”

ಹೆಚ್ಚು ಹಣ ತರುವ ಮೀನನ್ನು ತಾನಾಗಿಯೇ ಹಿಂದಕ್ಕೆ ಸರಿಸಿದ ಆ ಬಡವಿಯ ಮಾತಿಗೆ ತಾಯಿಯವರು ತಲೆದೂಗಿದರು.

ಕಾರಂಜಾ ಎಂಬುದು ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯ ಬಳಿ ಅಣೆಕಟ್ಟು ಕಟ್ಟಿಸಿಕೊಂಡ ನದಿ. ಅದು ಸೇರುವ ಮಾಂಜ್ರಾ ನದಿಯು ಭಾಲ್ಕಿ, ಔರಾದ ಸೀಮೆಗಳನ್ನು ಹಾದು ತೆಲಂಗಾಣಕ್ಕೆ ಹೋಗಿ ಗೋದಾವರಿಯಲ್ಲಿ ಲೀನವಾಗುತ್ತದೆ. ರೋಹು, ಕಾಟ್ಲಾಗಳು ಮೂಲತಃ ಉತ್ತರದ ನದಿಗಳ ಮೀನುಗಳು. ನಿಂತ ನೀರಿನಲ್ಲಿ ಅವು ಮೊಟ್ಟೆಯಿಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಜಾತಿಯ ಮೀನುಗಳು ಮೊಟ್ಟೆಯಿಡುವಂತೆ ಮಾಡಿದರು. ಅಂದಿನಿಂದ ಮರಿಗಳನ್ನು ಬೆಳೆಸಿ ಜಲಾಶಯಗಳಿಗೆ ಬಿಡುವುದು ಸುಲಭವಾಯಿತು. ಆದರೆ ಮರಿ ಬಿಟ್ಟರೇನು? ಅದು ಬೆಳೆಯಲು ಮಳೆ ಬಂದು ನೀರು ನಿಲ್ಲಬೇಕು. “ಮಳಿ ಆದ್ರ ನಮಗ ರೊಟ್ಟಿ, ಇಲ್ಲಂದ್ರ ಹೈದರಾಬಾದಿಗಿ ಕೂಲಿ” ಎಂದು ಆಕೆ ಮೀನು ಹೆಚ್ಚುತ್ತಲೇ ನುಡಿದಳು.

ಕಡಲಿಲ್ಲದ ಈ ಸೀಮೆಗೆ ಮೀನು ಹೊಸತೆಂದು ಭಾವಿಸಬೇಡಿ. ಇದೇ ಜಿಲ್ಲೆಯ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಭಾಗವೇ ಇದೆ. ಮೀನಿನ ಜಾತಿಗಳನ್ನೂ, ಅವುಗಳಿಗೆ ಹಾಕಬೇಕಾದ ಆಹಾರವನ್ನೂ, ಗಾಳ ಹಾಕುವ ವಿಧಾನವನ್ನೂ ಅರಸನು ಅಲ್ಲಿ ವಿವರಿಸಿದ್ದಾನೆ.

ಅಂದು ಮಧ್ಯಾಹ್ನ ಗೆಳೆಯರ ಮನೆಯಾಕೆ ಮೀನಿನ ಹೋಳುಗಳಿಗೆ ಉಪ್ಪು, ಅರಿಸಿನ ಸವರಿಟ್ಟು, ಕೆರೆಯ ಮಣ್ಣಿನ ವಾಸನೆ ಹೋಗುವಂತೆ ತೊಳೆದು, ಹುಣಸೆಯ ಹುಳಿಯಲ್ಲಿ ಸಾರು ಮಾಡಿದರು. ತಾಯಿಯವರು ಬಿಸಿ ಜೋಳದ ರೊಟ್ಟಿಯ ಅಂಚನ್ನು ಅದರಲ್ಲಿ ಅದ್ದಿ ಬಾಯಿಗಿಟ್ಟರು. ನಾವೆಲ್ಲರೂ ಅವರ ಮುಖವನ್ನೇ ನೋಡುತ್ತಿದ್ದೆವು. ಅವರು ಏನನ್ನೂ ಹೇಳದೆ ಇನ್ನೊಂದು ರೊಟ್ಟಿಗೆ ಕೈನೀಡಿದರು.

ಈಗ ಅವರು ಬೆಳಗ್ಗೆ ಪತ್ರಿಕೆ ಬಂದೊಡನೆ ಉಡುಪಿಯ ಮಳೆಯ ಸುದ್ದಿಯನ್ನು ಕೇಳುವುದಿಲ್ಲ. “ಬೀದರಿನ ಕಡೆ ಮಳೆಯಾಯಿತೇ, ನೋಡು ಮಗಾ” ಎನ್ನುತ್ತಾರೆ.